ನಾರ್ತ್ ಕ್ರೀಕಿನ ಸೆನೆಟರ್

ಕಸದ ಡಬ್ಬ ತಳ್ಳಿಕೊಂಡು ರಸ್ತೆಗೆ ಬರುವಾಗಲೂ ಪ್ರೊಫೆಸರ್ ಅನ್ಸೆಲ್ಮ್ ಟೈ ಕಟ್ಟಿರುತ್ತಿದ್ದರು. ಅಮೆರಿಕದ ನಾರ್ತ್ ಕ್ರೀಕಿನಲ್ಲಿ ನಮ್ಮ ಪಕ್ಕದ ಮನೆ ಅವರ ಮಗಳದು. ಉಳಿದ ನಾವೆಲ್ಲ ಪೈಜಾಮದಲ್ಲೇ ಓಡಿಬಂದು ಡಬ್ಬ ಇಟ್ಟು ಮಾಯವಾಗುವ ಬೀದಿಯಲ್ಲಿ ಈ ಎಪ್ಪತ್ತೆಂಟರ ಹಿರಿಯರು ಕೋಟಿನ ಗುಂಡಿ ಹಾಕಿಕೊಂಡು, ಎದುರಾದವರಿಗೆಲ್ಲ ತಲೆ ಬಾಗಿಸುತ್ತ ಬರುತ್ತಿದ್ದರು. ಕಂಡಾಗಲೆಲ್ಲ ಮೈಸೂರಿನಲ್ಲಿ ಕೋರ್ಟಿಗೆ ಹೊರಡುತ್ತಿದ್ದ ನಮ್ಮ ಅಬ್ಬಾನ ನೆನಪಾಗುತ್ತಿತ್ತು.

ಹೈಟಿಯಲ್ಲಿ ಮೂವತ್ತು ವರ್ಷ ಕಾನೂನು ಪಾಠ ಹೇಳಿ, ಆಮೇಲೆ ಸೆನೆಟರ್ ಆದವರು. ಒಂದು ಚುನಾವಣೆಯ ಗಲಾಟೆಯಲ್ಲಿ ಮನೆಗೆ ಬೆಂಕಿ ಬಿದ್ದ ಮೇಲೆ ದೇಶ ಬಿಟ್ಟರು. ಇದೆಲ್ಲ ಮಗಳು ಹೇಳಿದ್ದು. ಪ್ರೊಫೆಸರ್ ತಾವಾಗಿ ಹೇಳುತ್ತಿದ್ದದ್ದು ಒಂದೇ, ಮುಂದಿನ ಚುನಾವಣೆಗೆ ಹೈಟಿಗೆ ಹೋಗಿ ನಿಲ್ಲುತ್ತೇನೆಂದು. ಬೇರೆ ದೇಶದ ಪ್ರಜೆಯಾದವನು ಅಲ್ಲಿ ಸೆನೆಟಿಗೆ ನಿಲ್ಲುವಂತಿಲ್ಲವಂತೆ. ಅದಕ್ಕೇ ಅಮೆರಿಕದ ಪೌರತ್ವಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ.

ಕಾಲೊನಿಯ ಬೇಲಿಗೆ ಯಾವ ಬಣ್ಣ ಎಂದು ಸಭೆ ಸೇರಿದಾಗ ಇಪ್ಪತ್ತು ನಿಮಿಷ ಭಾಷಣ ಮಾಡಿದರು. ಬಿಳಿ ಬೇಕೆಂದವರು ಅವರು, ನಾನು, ಇಬ್ಬರೇ. ಸೋತ ಮರುಕ್ಷಣ ಎದ್ದು ಹೋಗಿ ಬೂದು ಬಣ್ಣ ಬೇಕೆಂದವರ ಕೈ ಕುಲುಕಿದರು. ಅವರ ಫ್ರೆಂಚ್ ಬೆರೆತ ಇಂಗ್ಲಿಷು ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ.

"ಸೋತವನೇ ಮೊದಲು ಕೈ ಕುಲುಕಬೇಕು, ಮಾದಾಮ್ ಸಲ್ಮಾ. ನಮ್ಮಲ್ಲಿ ಯಾರೂ ಕುಲುಕಲಿಲ್ಲ. ಅದಕ್ಕೇ ನಾನಿಲ್ಲಿ ಕಸದ ಡಬ್ಬ ತಳ್ತಾ ಇದೀನಿ."

ನಾನು ಅಮೆರಿಕದ ಪೌರತ್ವದ ಪರೀಕ್ಷೆಗೆ ಓದತೊಡಗಿದ್ದೇ ತಡ, ಪಾಠ ಹೇಳುವುದು ತಮ್ಮ ಕೆಲಸವೆಂದರು. ಉತ್ತರ ಹೇಳುವಾಗ ಎದ್ದು ನಿಲ್ಲಬೇಕು. "ಆ್ಯಪಲ್ಲಿ ಎಲ್ಲಾ ಇದೆಯಲ್ಲ, ಬೈಹಾರ್ಟ್ ಮಾಡ್ಕೊಂಡು ಹೋಗು. ನಿಂಗ್ಯಾಕೆ ಲಾ ಡಿಗ್ರಿ?" ಎಂದು ನನ್ನ ಗಂಡ ಇಮ್ರಾನ್ ಕಾಡುತ್ತಿದ್ದ. ಸಂದರ್ಶನದಲ್ಲಿ ಅಧಿಕಾರಿ ಮೊದಲ ಪ್ರಶ್ನೆ ಕೇಳಿದ್ದೇ ನಾನು ಎದ್ದು ನಿಂತುಬಿಟ್ಟೆ. ಆಕೆ ಗಾಬರಿಯಾಗಿ ಕೂರಿಸಿದಳು. ಪಾಸಾದೆ. ನನ್ನ ಭಾರತದ ಪಾಸ್‌ಪೋರ್ಟನ್ನು ರದ್ದಿಗೆ ಕಳಿಸುವ ಮುಂಚೆ ಪ್ರೊಫೆಸರ್ ಒಮ್ಮೆ ಕೇಳಿ ಪಡೆದು, ಎರಡೂ ಕೈಯಲ್ಲಿ ಹಿಡಿದು ನೋಡಿ ಮರಳಿಸಿದರು.

ಇಲ್ಲಿ ಮನೆಯಲ್ಲೇ ತುಂಬಿ ಹಾಕುವ ಮತಪತ್ರ ಮೊದಲ ಸಲ ಅಂಚೆಯಲ್ಲಿ ಬಂದಾಗ ಅವರ ಅಡುಗೆಮನೆಯ ಮೇಜಿಗೇ ಒಯ್ದೆ. ನಾನು ಬಿಚ್ಚಿದ್ದೇ ಅವರು ಎದ್ದು ಕಿಟಕಿಯ ಬಳಿ ಹೋಗಿ ನನಗೆ ಬೆನ್ನು ಮಾಡಿ ನಿಂತರು. ಯಾರಿಗೆ ಹಾಕಲಿ ಎಂದು ಕೇಳಿದೆ.

"ನಂಗೆ ಹೇಳಬೇಡಿ. ನಾನು ನೋಡೋದಿಲ್ಲ."

ಲಕೋಟೆ ಅಂಟಿಸುವವರೆಗೂ ತಿರುಗಲಿಲ್ಲ. ಆಮೇಲೆ ರಸ್ತೆಬದಿಯ ಮತಪೆಟ್ಟಿಗೆಯವರೆಗೂ ನನ್ನ ಜೊತೆ ನಡೆದು ಬಂದರು. ಲಕೋಟೆ ಒಳಗೆ ಬಿದ್ದ ಮೇಲೂ ಅಲ್ಲೇ ನಿಂತಿದ್ದರು. ತಾವು ಕೊನೆಯ ಸಲ ಮತ ಹಾಕಿ ಹತ್ತೊಂಬತ್ತು ವರ್ಷವಾಯಿತೆಂದರು. ಮುಂದಿನ ಸಲ ನಿಮ್ಮೂರಲ್ಲಿ ನಿಮಗೇ ಹಾಕಿಕೊಳ್ಳುತ್ತೀರಿ ಎಂದೆ. ನಕ್ಕರು. ಅಲ್ಲಿಯ ಚುನಾವಣೆ ಮತ್ತೆ ಮುಂದಕ್ಕೆ ಹೋಗಿದೆಯೆಂದು ಇಬ್ಬರಿಗೂ ಗೊತ್ತಿತ್ತು.

ಆ ಚಳಿಗಾಲ ಕಳೆಯುವ ಮುಂಚೆಯೇ ತೀರಿಹೋದರು. ಮಗಳು ಟೈ ಕಟ್ಟಿಯೇ ಕಳಿಸಿದಳು. ನಮ್ಮ ಅಬ್ಬಾ ಎರಡನೇ ಸಲ ಹೋದಷ್ಟು ಸಂಕಟವಾಯಿತು ನನಗೆ.

ಮೊನ್ನೆ ಮತ್ತೆ ಮತಪತ್ರ ಬಂತು. ಊಟದ ಮೇಜಿನ ಮೇಲೆ ಹರಡಿಕೊಂಡು ಪೆನ್ನು ಹಿಡಿದೆ. ಇಮ್ರಾನ್ ಟೀ ಕುಡಿಯುತ್ತ ಬಗ್ಗಿ ನೋಡಿ, ಯಾರಿಗೆ ಹಾಕುತ್ತಿದ್ದೀಯ ಎಂದು ಕೇಳಿದ.

"ಸ್ವಲ್ಪ ಆ ಕಡೆ ತಿರುಗಿ ನಿಂತ್ಕೋ," ಎಂದೆ.

ಇಮ್ರಾನ್ ನಗಲಿಲ್ಲ. ಕಪ್ ಕೆಳಗಿಟ್ಟು, ಕಿಟಕಿಯ ಬಳಿ ಹೋಗಿ, ಬೆನ್ನು ಮಾಡಿ ನಿಂತ.