ಗೋಧಿಯ ನೇಮ

ಕೊಲ್ಲಾಪುರದ ಪ್ರದರ್ಶನದಲ್ಲಿ ನಾನು ಪಾಳಣಾದ ತುತ್ತತುದಿಯಲ್ಲಿ ಕೂತು ರಂಕಾಳ ಕೆರೆಯನ್ನು ನೋಡಿದೆ ಎಂದು ಬರೆಯಹೊರಟಿದ್ದೆ. ಪಾಳಣಾ ಎಂದರೆ ಆಕಾಶಕ್ಕೆ ಏರಿ ಇಳಿಯುವ ದೊಡ್ಡ ತೊಟ್ಟಿಲು. ನಮ್ಮ ಕಡೆ ಮರಾಠಿ ಹೆಸರೇ ರೂಢಿ. ಆದರೆ ಅಣ್ಣ ಬೇರೆ ಹೇಳುತ್ತಾನೆ. ಅವತ್ತು ನನ್ನನ್ನು ಹತ್ತಿಸಲೇ ಇಲ್ಲವಂತೆ, ಹೊಟ್ಟೆ ತೊಳಸೀತೆಂದು ಅವ್ವ ನನ್ನ ಕೈ ಬಿಡಲಿಲ್ಲವಂತೆ. ಹಾಗಾದರೆ ಆ ಕೆರೆ, ನೀರ ಮೇಲಿನ ಇಳಿಬಿಸಿಲು, ಕೆಳಗೆ ಅಂಗಿಯ ಗುಂಡಿಯಷ್ಟು ಸಣ್ಣದಾಗಿ ಕಂಡ ಅಪ್ಪನ ಬಿಳಿ ಟೊಪ್ಪಿಗೆ ಯಾರು ನೋಡಿದ್ದು? ಅಣ್ಣ ಇಳಿದು ಬಂದು ಹೇಳಿದ್ದನ್ನೇ ನಾನು ಕಣ್ಣಿಗೆ ಹಚ್ಚಿಕೊಂಡಿರಬೇಕು. ಇರಲಿ, ಅದನ್ನು ಅವನಿಗೆ ಮರಳಿ ಕೊಡುವ ಮನಸ್ಸು ನನಗಿಲ್ಲ. ಆ ದಿನ ತಿಂದದ್ದು ಮಾತ್ರ ನಾನೇ ತಿಂದದ್ದು. ನಾಲಿಗೆಯ ಸಾಕ್ಷಿಯನ್ನು ಅಣ್ಣ ಅಲ್ಲಗಳೆಯಲಾರ.

ಆಗ ನನಗೆ ಏಳೋ ಎಂಟೋ. ಅರವತ್ತರ ದಶಕ ಇನ್ನೂ ಹೊಸದು. ಇಚಲಕರಂಜಿಯಲ್ಲಿ ನಮ್ಮ ಮನೆ, ಮನೆಯ ಹಿಂದೆ ಅಪ್ಪನ ನಾಲ್ಕಾರು ಮಗ್ಗ. ಅವು ನಿಂತಾಗ ಮಾತ್ರ ನಾವು ಮೆಲ್ಲಗೆ ಮಾತಾಡುತ್ತಿದ್ದೆವು. ನನ್ನ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ತಿಂದದ್ದು ಮೈಗೆ ಹತ್ತದು, ವಾರಕ್ಕೊಮ್ಮೆ ಭೇದಿ. ಕಡೆಗೆ ಮಿರಜದಲ್ಲಿ ವಿಲಾಯತಿಗೆ ಹೋಗಿ ಕಲಿತು ಬಂದ ಡಾಕ್ಟರೊಬ್ಬರು, ಈ ಮಗುವಿಗೆ ಗೋಧಿಯೇ ವಿಷ, ಒಂದು ಚೂರೂ ಕೊಡಬೇಡಿ ಎಂದರು. ಸೀಲಿಯಾಕ್ ಎಂಬ ಹೆಸರನ್ನೂ ಹೇಳಿದರು. ಆ ಹೆಸರು ಮಿರಜದಿಂದ ಮನೆಗೆ ಬರುವಷ್ಟರಲ್ಲಿ ಬಸ್ಸಿನಲ್ಲೇ ಕಳೆದುಹೋಯಿತು.

ರೋಗವೆಂದರೆ ಮುಂದೆ ಹುಡುಗಿಯ ಮದುವೆಗೆ ತೊಡಕು. ಅವ್ವ ಒಂದು ಉಪಾಯ ಹುಡುಕಿದಳು. ನಮ್ಮ ಜೈನರಲ್ಲಿ ಇಷ್ಟದ ಪದಾರ್ಥವೊಂದನ್ನು ಬಿಟ್ಟುಬಿಡುವ ನೇಮ ಉಂಟು. ಯಾರೂ ಯಾಕೆಂದು ಕೇಳುವುದಿಲ್ಲ.

"ಅಕಿಗೆ ಗೋದಿ ನೇಮ ಐತ್ರಿ," ಎಂದಳು ಅವ್ವ, ಚಪಾತಿ ನೀಡಲು ಬಂದ ನೆರೆಮನೆಯಾಕೆಗೆ.

"ಅಯ್ಯ, ಇಷ್ಟ ಸಣ್ಣ ವಯಸ್ಸಿಗೆ! ಭಾಳ ಪುಣ್ಯದ ಕೂಸ ಬಿಡ್ರಿ," ಎಂದು ಆಕೆ ನನಗೆ ಕೈಮುಗಿದೇ ಬಿಟ್ಟಳು. ನಾನು ಆ ಚಪಾತಿಯ ಕಡೆ ನೋಡುತ್ತಿದ್ದೆ. ನಮ್ಮಲ್ಲಿ ಸನ್ಯಾಸಿನಿಯರನ್ನು ಕರೆಯುವ ಹಾಗೆ, ಅಂದಿನಿಂದ ಅಣ್ಣನ ಬಾಯಲ್ಲಿ ನಾನು ಮಾತಾಜಿಯಾದೆ. "ಮಾತಾಜಿ ಬಂದ್ರು, ಹಾದಿ ಬಿಡ್ರಪ್ಪಾ!"

ಆಯಿ, ಅಂದರೆ ಅಪ್ಪನ ತಾಯಿ, ನಿಜವಾದ ನೇಮದವಳು. ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟಳು, ಹೊತ್ತು ಮುಳುಗಿದ ಮೇಲೆ ನೀರನ್ನೂ ಕುಡಿಯಳು. ಅವಳ ಒಲೆ, ಅವಳ ಪಾತ್ರೆ ಮೊದಲಿನಿಂದ ಬೇರೆ. ನನ್ನನ್ನು ಅವಳ ಒಲೆಗೆ ಒಪ್ಪಿಸಿದ ದಿನ ಆಯಿ, "ಹಂಗಾರ ನನಗೂ ಗೋದಿ ಬ್ಯಾಡ. ಒಂದ ಒಲಿ ಮ್ಯಾಲ ಎರಡ ಹಿಟ್ಟ ಯಾಕ?" ಎಂದಳು. ಜೋಳದ ರೊಟ್ಟಿ, ಅನ್ನ, ಮತ್ತು ಝುಣಕ. ಕಡಲೆಹಿಟ್ಟಿನ ಝುಣಕಕ್ಕೆ ಬೇರೆಯವರು ಉಳ್ಳಾಗಡ್ಡಿ ಹೆಚ್ಚಿ ಹಾಕುತ್ತಾರೆ. ಆಯಿ ಇಂಗಿನ ಗಟ್ಟಿಯನ್ನೇ ಮುರಿದು ಕಾದ ಎಣ್ಣೆಗೆ ಹಾಕುತ್ತಿದ್ದಳು. ಆ ವಾಸನೆಗೆ ನಾನು ಅಂಗಳದಿಂದ ಓಡಿ ಬರುತ್ತಿದ್ದೆ. ಗೋಧಿ ಕಂಡರೆ ಆಸೆಯಾಗುತ್ತಿತ್ತು, ನಿಜ. ಹೊಟ್ಟೆ ತುಂಬುತ್ತಿದ್ದುದು ಇದರಿಂದ.

ಗಡಹಿಂಗ್ಲಜದಲ್ಲಿ ಸೋದರಮಾವನ ಮದುವೆ ಹತ್ತಿರ ಬಂತು. ನನಗಾಗಿ ಹುಪರಿಯಿಂದ ಬೆಳ್ಳಿಯ ಕಾಲುಚೈನು ಬಂತು. ಆದರೆ ಗೋಧಿ ಬಿಟ್ಟರೂ ನನ್ನ ಭೇದಿ ಪೂರ್ತಿ ನಿಂತಿರಲಿಲ್ಲ, ಅಷ್ಟು ದಿನ ಹೊರಗೆ ಹೊಟ್ಟೆ ತಡೆದೀತೇ ಎಂಬ ಭಯ ಎಲ್ಲರಿಗೂ. ಅಪ್ಪ ಒಂದು ಪರೀಕ್ಷೆ ಇಟ್ಟ.

"ಕೊಲ್ಲಾಪುರಕ್ಕ ಪ್ರದರ್ಶನ ಬಂದೈತಿ. ಒಂದ ದಿನ ಎಲ್ಲಾರೂ ತಿರಗ್ಯಾಡಿ ಬರೂಣು. ಇಕಿ ಹೊಟ್ಟಿ ಸುಮ್ಮ ಇತ್ತಂದ್ರ ಮದವಿಗೂ ಕರಕೊಂಡ ಹೋಗೂದು. ಇಲ್ಲಂದ್ರ ಇಲ್ಲ."

ಮದುವೆಯಲ್ಲಿ ನನಗೆ ಬೇಕಾಗಿದ್ದುದು ಒಂದೇ: ಓರಗೆಯ ಹುಡುಗಿಯರ ಸಾಲಿನಲ್ಲಿ ಎಲೆಯ ಮುಂದೆ ಕೂರುವುದು. ಗೋಧಿಯ ಹುಗ್ಗಿ ಬಡಿಸುವವನು ಬಂದಾಗ ಕೈ ಅಡ್ಡ ಹಿಡಿಯುತ್ತೇನೆ, ಅನ್ನ ಹಾಕಿಸಿಕೊಳ್ಳುತ್ತೇನೆ ಎಂದು ಗೋಡೆಯ ಮುಂದೆ ಕೂತು ಕೈ ಅಡ್ಡ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದೆ.

ಪ್ರದರ್ಶನದಲ್ಲಿ ಮೈಯನ್ನು ಸೊಟ್ಟಗೆ ತೋರಿಸಿ ನಗಿಸುವ ಕನ್ನಡಿಗಳಿದ್ದವು. ಇದ್ದವೇ? ಅಣ್ಣನನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಒಂದರಲ್ಲಿ ನನ್ನ ಹೊಟ್ಟೆ ಒಳಹೋಗಿ ತೋಳು ದುಂಡಗಾಗಿತ್ತು. ಬೇರೆಯವರು ಅದರ ಮುಂದೆ ಬಿದ್ದು ಬಿದ್ದು ನಕ್ಕು ಸರಿದುಹೋದರು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಅವ್ವ ಎಳೆದುಕೊಂಡು ಹೋಗುವವರೆಗೆ ಅಲ್ಲೇ ನಿಂತಿದ್ದೆ.

ಹೊತ್ತು ಮುಳುಗುವ ಮೊದಲೇ ಉಣ್ಣಬೇಕಲ್ಲ, ಜಮಖಾನೆ ಹಾಸಿದರು. ಆಯಿ ಹಿತ್ತಾಳೆಯ ಡಬ್ಬಿ ತೆಗೆದು ನನಗೆ ರೊಟ್ಟಿ ಝುಣಕ ಕೊಟ್ಟಳು. ಎಲ್ಲ ಉಂಡೆ. ಆಮೇಲೆ ಅಣ್ಣ ಚುರುಮುರಿಯ ಭೇಳ ತುಂಬಿದ ಕಾಗದದ ಸುರುಳಿ ಹಿಡಿದು ಬಂದ. ಅದರೊಳಗಿನ ಗೋಧಿಯ ಗರಿಗರಿ ಪುರಿ ಮುರಿಯುವ ಸದ್ದು. ನಾನು ಅಳಲಿಲ್ಲ ಎಂದುಕೊಂಡಿದ್ದೇನೆ, ಆದರೆ ಅಪ್ಪ ಇದ್ದಕ್ಕಿದ್ದಂತೆ ಎದ್ದು ನನ್ನನ್ನು ಗಾಡಿಯವನ ಬಳಿ ಕರೆದೊಯ್ದದ್ದರಿಂದ, ಅತ್ತಿರಲೂಬಹುದು.

"ಪುರಿ ನಕೋ. ಫಕ್ತ ಭಡಂಗ ದ್ಯಾ," ಎಂದ ಅಪ್ಪ ಮರಾಠಿಯಲ್ಲಿ. ಪುರಿ ಬೇಡ, ಬರೀ ಭಡಂಗ. ಭಡಂಗ ಎಂದರೆ ಖಾರ ಹಚ್ಚಿ ಹುರಿದ ಚುರುಮುರಿ, ಅಕ್ಕಿಯದೇ. ಅದೂ ಕಾಗದದ ಸುರುಳಿಯಲ್ಲೇ ಬಂತು, ಅಣ್ಣನ ಕೈಯಲ್ಲಿದ್ದಂಥದೇ ಸುರುಳಿ. ನಾನು ಅದನ್ನು ಎತ್ತರಕ್ಕೆ ಹಿಡಿದು ಜಮಖಾನೆಗೆ ಮರಳಿದೆ.

ಆಯಿ ಮೂಗೆಳೆದಳು. "ಬೆಳ್ಳುಳ್ಳಿ ಹಾಕ್ಯಾನ ಅದರಾಗ." ಮತ್ತೆ ಕೆರೆಯ ಕಡೆ ಮುಖ ತಿರುಗಿಸಿದಳು. "ತಿನ್ನ ಲಗೂನ. ನಾ ಏನೂ ನೋಡಿಲ್ಲ."

"ಮಾತಾಜಿ ನೇಮ ಮುರದ್ರು!" ಎಂದ ಅಣ್ಣ.

"ನಿಮ್ಮಪ್ಪಗ ಹೇಳ ಹೋಗ," ಎಂದೆ, ಬಾಯಿ ತುಂಬ ಭಡಂಗ ಇಟ್ಟುಕೊಂಡೇ. ಅಪ್ಪ ಪಕ್ಕದಲ್ಲೇ ನಿಂತು ನಗುತ್ತಿದ್ದ.

ಮರುದಿನ ಮಧ್ಯಾಹ್ನ ಹೊಟ್ಟೆ ಕೆಟ್ಟಿತು. ಅದಕ್ಕೂ ಮರುದಿನ ನಾನು ಏಳಲಾರದೆ ಮಲಗಿದ್ದೆ. "ಹಾದಿ ಮ್ಯಾಲಿಂದ ತಿನ್ನಿಸಿ ತಂದ್ರಿ," ಎಂದು ಅವ್ವ ಅಪ್ಪನಿಗೆ ಅಂದಳು. ಅಪ್ಪ ಮಗ್ಗದ ಕಡೆ ಹೋದ. ತಪ್ಪು ಭಡಂಗದ್ದೆಂದು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ.

ಮದುವೆಗೆ ಹೊರಡುವ ದಿನ ಆಯಿ ಹೇಳಿದಳು, "ನಾ ಇರ್ತೀನಿ ಇಕಿ ಕೂಡ. ನೀವ ಹೋಗ್ರಿ." ಬಸ್ಸಿಗೆ ಹೊತ್ತಾಯಿತೆಂದು ಅವಸರ. ಅವ್ವ ಬಾಗಿಲಲ್ಲಿ ಎರಡು ಸಲ ಹಿಂದಿರುಗಿ ನೋಡಿದಳು. ಅವಳ ತಮ್ಮನ ಮದುವೆ. ಮಗ್ಗಗಳೂ ರಜೆಯಲ್ಲಿದ್ದವು. ಮನೆಯಲ್ಲಿ ಆಯಿಯ ಬಳೆಯ ಸದ್ದಷ್ಟೇ.

ಹೊಟ್ಟೆ ಉಬ್ಬಿದಾಗ ಇಂಗನ್ನು ನೀರಲ್ಲಿ ತೇದು ಹೊಕ್ಕುಳ ಸುತ್ತ ಹಚ್ಚುವುದು, ಮಜ್ಜಿಗೆಗೆ ಕದಡಿ ಕುಡಿಸುವುದು ನಮ್ಮಲ್ಲಿ ಎಲ್ಲರ ಮನೆಯ ಮದ್ದು. ಯಾವಾಗಲೂ ಅದನ್ನು ಅವ್ವ ಮಾಡುತ್ತಿದ್ದಳು. ಆಯಿಗೆ ಇಂಗೆಂದರೆ ಕಾದ ಎಣ್ಣೆಗೆ ಹಾಕುವ ಗಟ್ಟಿ. ಅಂದು ಆಯಿಯೇ ಬಟ್ಟಲಲ್ಲಿ ಗಟ್ಟಿಯನ್ನು ನೆನೆಹಾಕಿ ನನ್ನ ಪಕ್ಕ ಕೂತು ಬೆರಳಿಂದ ತಿಕ್ಕತೊಡಗಿದಳು. ತಿಕ್ಕುತ್ತಾ ತಿಕ್ಕುತ್ತಾ ನಿಧಾನವಾದಳು. ಬೆರಳಿಗೆ ಅಂಟಿದ್ದನ್ನು ಹೆಬ್ಬೆರಳಲ್ಲಿ ಉರುಳಿಸಿದಳು. ಅದು ಸಣ್ಣ ಉಂಡೆಯಾಯಿತು. ಉಂಡೆಯನ್ನು ಎಳೆದಳು. ಅದು ಹರಿಯದೆ ಎಳೆಯಾಗಿ ಬಂತು, ಚಪಾತಿಗೆ ನಾದಿದ ಕಣಕ ಬರುವ ಹಾಗೆ.

ಇಂಗು ಒಂದು ಗಿಡದ ಬೇರಿನ ಅಂಟು, ಅದಕ್ಕೆ ಗೋಧಿಹಿಟ್ಟು ಕೂಡಿಸಿ ಗಟ್ಟಿ ಕಟ್ಟುವುದು ವ್ಯಾಪಾರದಲ್ಲಿ ಮಾಮೂಲು ಎಂದು ನಾನು ಓದಿ ತಿಳಿದದ್ದು ದೊಡ್ಡವಳಾದ ಮೇಲೆ. ಆಯಿ ಓದಿದವಳಲ್ಲ. ಆದರೆ ಮದುವೆಯಾಗಿ ಬಂದಂದಿನಿಂದ ಆ ಮನೆಯ ಕಣಕ ನಾದಿದವಳು.

"ಹಚ್ಚ ಆಯಿ, ಹೊಟ್ಟಿ ನೋಯಾಕತ್ತೈತಿ," ಎಂದೆ.

ಅವಳು ಹಚ್ಚಲಿಲ್ಲ. ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈ ಒದ್ದೆ, ಮುಖ ಒದ್ದೆ. ನನ್ನ ಹೊಟ್ಟೆಯ ಮೇಲೆ ಬರಿಗೈ ಇಟ್ಟು ಕೂತಳು. ಅಂದು ಝುಣಕ ಮಾಡಲಿಲ್ಲ. ಗಂಜಿ ಕುಡಿದೆವು.

ಈ ಭಾಗವನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ನಂತರ ಓದಿದ್ದನ್ನು ತಂದು ಆಯಿಯ ಬೆರಳಿಗೆ ಅಂಟಿಸಿದೆನೇ? ಅಣ್ಣ ಅಲ್ಲಿರಲಿಲ್ಲ, ಕೇಳಲು ಯಾರೂ ಇಲ್ಲ. ಆದರೆ ಮುಂದಿನದಕ್ಕೆ ಮನೆಯವರೆಲ್ಲ ಸಾಕ್ಷಿ. ಗಡಹಿಂಗ್ಲಜದಿಂದ ಮರಳಿದ ಅವ್ವ ನಮ್ಮ ಒಲೆಯ ಬೇಳೆಯನ್ನು ರುಚಿ ನೋಡಿ ಕೇಳಿದಳು.

"ಅತ್ತಿ, ಇಂಗ ಹಾಕೂದ ಮರತ್ರೇನ್ರಿ?"

"ಬಿಟ್ಟೀನಿ."

"ಯಾಕ್ರಿ?"

"ನೇಮ," ಎಂದಳು ಆಯಿ. ಮೇಲೆ ಯಾರೂ ಕೇಳಲಿಲ್ಲ.

"ಮನ್ಯಾಗ ಇಬ್ಬರು ಮಾತಾಜಿ ಆದ್ರಪ್ಪೋ!" ಎಂದ ಅಣ್ಣ. ಆಯಿ ನಗಲಿಲ್ಲ.

ನನ್ನ ಹೊಟ್ಟೆ ನಿಧಾನವಾಗಿ ಇಳಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ತೋಳಿಗೆ ಬಳೆ ನಿಲ್ಲುವಷ್ಟು ಮಾಂಸ ಬಂತು. ನೇಮದ ಪುಣ್ಯ ಎಂದರು ನೆರೆಯವರು. ಮುಂದಿನ ಬೇಸಿಗೆಯಲ್ಲಿ ಗಡಹಿಂಗ್ಲಜಕ್ಕೂ ಹೋದೆ. ಮಾವನ ಹೆಂಡತಿ ಆಗಲೇ ಹಳಬಳಾಗಿ, ಸೆರಗು ಸಿಕ್ಕಿಸಿ ಹಿಟ್ಟು ಸಾಣಿಸುತ್ತಿದ್ದಳು. ಎಲೆ ಹಾಕಿ ಸಾಲಾಗಿ ಕೂರುವ ಊಟ ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಮೊಸರನ್ನ ಉಂಡು ಬಂದೆ.

ಮನೆಯಲ್ಲಿ ಆಯಿ ಝುಣಕ ಮಾಡುವುದನ್ನು ಮುಂದುವರಿಸಿದಳು. ಜೀರಿಗೆ ಹಾಕಿದಳು, ಹುಣಸೆ ಹಾಕಿದಳು, ಕೊತ್ತಂಬರಿ ಹೆಚ್ಚು ಹಾಕಿದಳು. ಬಡಿಸಿ, ನಾನು ಮೊದಲ ತುತ್ತು ನುಂಗುವವರೆಗೆ ತಾನು ಉಣ್ಣದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಚಲೋ ಆಗೇತೇನ?"

"ಹೂಂ," ಎನ್ನುತ್ತಿದ್ದೆ. ನನಗೆ ಬೇಕಾಗಿದ್ದುದು ಮೊದಲಿನ ಝುಣಕ. ಅದನ್ನು ಅವಳಲ್ಲಿ ಕೇಳುವಂತಿರಲಿಲ್ಲ. ಬೇರೆ ಯಾರಿಗೂ ಅದನ್ನು ಮಾಡಲು ಬರುತ್ತಿರಲಿಲ್ಲ.