ಕೂಟಗಲ್ಲಿನ ಗುಂಡ

ಸೋಲೂರಿನಿಂದ ಬೆಳಗಿನ ಬಸ್ಸು ಹಿಡಿದು ಮಾಗಡಿಗೆ ಬಂದೆ. ಅಲ್ಲಿ ತಟ್ಟೆ ಇಡ್ಲಿ ತಿಂದು ರಾಮನಗರದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಸೀಟು ಮಾತ್ರ ಬಲು ದುಬಾರಿ. ಹುರಿಹಿಟ್ಟಿನ ಡಬ್ಬ, ಕಡಲೆಕಾಯಿ ಬೀಜ, ಬಾಣಲೆ ತುಂಬಿದ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ನಿಂತೇ ಹೋದೆ. ಅಂಗನವಾಡಿಗಳಲ್ಲಿ ತಾಯಂದಿರನ್ನು ಕೂರಿಸಿಕೊಂಡು, ಸೊರಗಿದ ಮಕ್ಕಳಿಗೆ ಏನು ತಿನ್ನಿಸಬೇಕೆಂದು ಮಾಡಿ ತೋರಿಸುವುದು ನನ್ನ ಕೆಲಸ. ಈ ಸಲ ಕೂಟಗಲ್, ಚನ್ನಪಟ್ಟಣ, ಕನಕಪುರ ಸೇರಿ ಒಂದು ವಾರದ ತಿರುಗಾಟ. ಮಳೆ ಹಿಂದೆಗೆದು ಬಿಸಿಲು ಚುರುಗುಟ್ಟುತ್ತಿತ್ತು.

ರಾಮನಗರದಲ್ಲಿ ಬಸ್ಸು ಬದಲಿಸಿ ಕೂಟಗಲ್ ಕಡೆಯ ಹಳ್ಳಿಯೊಂದರಲ್ಲಿ ಇಳಿದೆ. ಅಲ್ಲಿಯ ಅಂಗನವಾಡಿ ಟೀಚರ್ ಮಂಗಳಮ್ಮ ಸ್ಟಾಪಿಗೇ ಬಂದಿದ್ದರು. ಸಭೆ ಶುರುವಾಗಿ, ನಾನು ಹುರಿಹಿಟ್ಟಿಗೆ ಬೆಲ್ಲ ಕಲಸುತ್ತಿದ್ದಾಗ ಅಜ್ಜಿಯೊಬ್ಬಳು ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಹೆಸರು ಚಿಕ್ಕತಾಯಮ್ಮ. ಹುಡುಗ ಚರಣ್, ಎರಡು ವರ್ಷದವನು. ತೋಟದ ಮನೆಯವರಾದ್ದರಿಂದ ತಿಂಗಳುಗಟ್ಟಲೆ ಇತ್ತ ತಲೆ ಹಾಕಿರಲಿಲ್ಲ.

"ನಮ್ ಮಗೀಗೆ ಇದ್ಯಾವ್ದೂ ಬ್ಯಾಡ ಕಣವ್ವ. ಭೇದಿಯಾಗಿ ಸೊರಗೋಗಿದ್ದ. ಈಗ ನೋಡು, ಹೆಂಗೆ ಮೈಕೈ ತುಂಬ್ಕಂಡವ್ನೆ. ಗುಂಡ ಅಂತ್ಲೇ ಕೂಗದು ನಾವು," ಎಂದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಲು ಹೊರಟವಳು ಹುಡುಗನನ್ನು ಇನ್ನೊಮ್ಮೆ ನೋಡಿದೆ. ಕೆನ್ನೆ ತುಂಬಿತ್ತು, ಸರಿ. ಆದರೆ ಕೂದಲು ಕೆಂಚಾಗಿ ಉದುರಿತ್ತು. ಉಂಡೆ ಮುಂದೆ ಹಿಡಿದರೆ ಹುಡುಗ ತಿರುಗಿಯೂ ನೋಡಲಿಲ್ಲ. ದೃಷ್ಟಿಗೆಂದು ಕಾಲಿಗೆ ಕಟ್ಟಿದ್ದ ಕರಿದಾರ ಮಾಂಸದೊಳಗೆ ಹೂತಿತ್ತು. ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದೆ. ಗುಳಿ ಹಾಗೇ ಉಳಿಯಿತು. ಇನ್ನೊಂದು ಪಾದವೂ ಹಾಗೆಯೇ. ಇದು ಮೈ ಬಂದದ್ದಲ್ಲ. ಹೊಟ್ಟೆಗೆ ಸರಿಯಾಗಿ ಬೀಳದೆ ಮೈಯಲ್ಲಿ ನೀರು ತುಂಬಿದ್ದು. ಇಂಥ ಮಗು ಯಾವ ಗಳಿಗೆಯಲ್ಲಿ ಕೈಬಿಟ್ಟು ಹೋಗುತ್ತದೆಂದು ಹೇಳಲಾಗದು.

"ಇವತ್ತೇ ರಾಮನಗರದ ಆಸ್ಪತ್ರೆಗೆ ಸೇರಿಸಬೇಕು ಅಜ್ಜಿ," ಎಂದೆ.

ಅವಳು ಸೆರಗಿನಿಂದ ಮಗುವಿನ ಪಾದ ಮುಚ್ಚಿದಳು. "ಕಣ್ಣು ಹಾಕ್ಬ್ಯಾಡ ಕಣವ್ವ," ಎಂದು ನಡೆದೇ ಬಿಟ್ಟಳು.

ನಾನೂ ಮಂಗಳಮ್ಮನೂ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಅವಳ ಹಿಂದೆ ಓಡಿದೆವು. ಭೇದಿಯಾದ ಮೇಲೆ ಹಾಲು, ಮೊಟ್ಟೆ ಎರಡನ್ನೂ ನಿಲ್ಲಿಸಿ ಬರೀ ಗಂಜಿ ತಿಳಿ, ಟೀ ಬಿಸ್ಕತ್ತು ಕೊಡುತ್ತಿದ್ದರೆಂದು ದಾರಿಯಲ್ಲಿ ಅಜ್ಜಿಯ ಬಾಯಿಂದಲೇ ತಿಳಿಯಿತು. ಚರಣನ ತಾಯಿ ಸವಿತಾ ರೇಷ್ಮೆಹುಳದ ಮನೆಯಲ್ಲಿದ್ದಳು. ಹುಳಕ್ಕೆ ರೋಗ ತಾಗೀತೆಂದು ಅಲ್ಲಿಗೆ ಹೊರಗಿನವರನ್ನು ಬಿಡುವುದಿಲ್ಲ. ಬಾಗಿಲಾಚೆ ನಿಂತೇ ಕೂಗಿ ಹೇಳಿದೆ.

"ಹುಳ ಹಣ್ಣಾಗವೆ ಕಣಕ್ಕ, ಚಂದ್ರಿಕೆಗೆ ಬುಡ್ಬೇಕು. ನಾಳಿದ್ದು ಬತ್ತೀನಿ," ಎಂದು ಒಳಗಿನಿಂದ ಉತ್ತರ ಬಂತು.

ಹಣ್ಣಾದ ಹುಳ ಚಂದ್ರಿಕೆಯ ತಟ್ಟೆಯಲ್ಲಿ ಗೂಡು ಕಟ್ಟಲು ಯಾರಿಗೂ ಕಾಯುವುದಿಲ್ಲ, ಗೊತ್ತು. ಆದರೆ ನನ್ನ ಕೋಪ ಇರುವುದು ಮೂಗಿನ ತುದಿಯಲ್ಲಿ. "ಹುಳ ಮುಖ್ಯವೋ ಮಗ ಮುಖ್ಯವೋ?" ಎಂದು ರೇಗಿದೆ. ಮಂಗಳಮ್ಮ ನನ್ನ ತೋಳು ಚಿವುಟಿದರು. ಚರಣ್ ಅಜ್ಜಿಯ ಹೆಗಲ ಮೇಲೆ ಕಣ್ಣು ಮುಚ್ಚಿದ್ದ. ಆ ಬಿಸಿಲಲ್ಲೂ ಅವನ ಕೈ ತಣ್ಣಗಿತ್ತು.

ಕೊನೆಗೆ ಸವಿತಾ ಹೊರಗೆ ಬಂದಳು. ಆರಿಸಿ ತೆಗೆದ ರೋಗದ ಹುಳಗಳನ್ನು ಸುಣ್ಣ ಹಾಕಿ ಹೂಳಲು ಡಬ್ಬದಲ್ಲಿ ತಂದಿದ್ದಳು. ಮಂಗಳಮ್ಮ ಮಗುವಿನ ಪಾದ ಒತ್ತಿ ತೋರಿಸಿದರು. ಸವಿತಾ ಆ ಗುಳಿಯನ್ನು ನೋಡಿದಳು, ಬಿಗಿದು ಹೊಳೆಯುತ್ತಿದ್ದ ಚರ್ಮವನ್ನು ಮುಟ್ಟಿದಳು. ಆಮೇಲೆ ಕೈಯಲ್ಲಿದ್ದ ಡಬ್ಬ ನೋಡಿದಳು. ಅದರಲ್ಲಿದ್ದ ಹುಳಗಳೂ ಊದಿ ಹೊಳೆಯುತ್ತಿದ್ದವು.

"ಅತ್ತೆ, ಹಾಲುತೊಂಡೆ ಬಂದ ಹುಳ ಹಿಂಗೇ ಅಲ್ವಾ ಊದ್ಕಳದು?"

ಹಾಲುತೊಂಡೆ ರೋಗದ ಹುಳ ಮೇಲೆ ಪುಷ್ಟಿಯಾಗಿ ಕಂಡು ಒಳಗೇ ಕೊಳೆತು ಸಾಯುತ್ತದೆ. ಅದನ್ನು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಿಕ್ಕತಾಯಮ್ಮ ಜಗಲಿಯ ಮೇಲೆ ಕುಸಿದು ಕೂತಳು. ಮಗುವಿನ ಪಾದದ ಮೇಲಿನ ಸೆರಗು ಸರಿಸಿ ನೋಡಿ, "ನೀ ಹೋಗವ್ವ. ಹುಳ ನಾ ನೋಡ್ಕತೀನಿ," ಎಂದಳು.

ಬಸ್ಸಿಗೆ ಕಾಯಲಿಲ್ಲ. ಆಟೋದವನು ನಾನೂರು ಕೇಳಿದ. ಸೊಪ್ಪಿಗೂ ಚೌಕಾಸಿ ಮಾಡುವ ನಾನು ಬಾಯಿ ಬಿಡಲಿಲ್ಲ. ಸವಿತಾ ದಾರಿಯುದ್ದಕ್ಕೂ "ಚರಣಾ, ಲೋ ಚರಣಾ" ಎಂದು ಕರೆಯುತ್ತಲೇ ಇದ್ದಳು. ಅವನು ಹೂಂಗುಟ್ಟದಿದ್ದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ನನಗೆ ಅವಳ ಕಡೆ ನೋಡಲು ಭಯ. ಆಸ್ಪತ್ರೆಯಲ್ಲಿ ಮೊದಲು ಮೈ ಬೆಚ್ಚಗೆ ಮಾಡಿ, ಸಕ್ಕರೆ ಬೆರೆಸಿದ ಹಾಲನ್ನು ಚಮಚ ಚಮಚವಾಗಿ ಕುಡಿಸತೊಡಗಿದರು. "ಎರಡು ದಿನ ಕಳೀಲಿ, ಆಮೇಲೆ ಹೇಳ್ತೀನಿ," ಎಂದರು ಡಾಕ್ಟರು, ಅಷ್ಟೇ.

ಚನ್ನಪಟ್ಟಣದಲ್ಲೂ ಕನಕಪುರದಲ್ಲೂ ಸಭೆ ಮಾಡಿದೆ. ಒಲೆ ಹಚ್ಚುವ ಮೊದಲು ಬಂದ ಮಕ್ಕಳ ಪಾದವನ್ನೆಲ್ಲ ಒತ್ತಿ ನೋಡಿದೆ. ಮಂಗಳಮ್ಮನ ಫೋನ್ ಬಂದರೆ ಕೈಲಿದ್ದ ಸೌಟು ಬಿಟ್ಟು ಎತ್ತುತ್ತಿದ್ದೆ.

ವಾರದ ಕೊನೆಗೆ ರಾಮನಗರಕ್ಕೆ ಮರಳಿದೆ. ಮಾಗಡಿ ಬಸ್ಸಿಗೆ ಇನ್ನೂ ಹೊತ್ತಿತ್ತು, ವಾರ್ಡಿಗೆ ಹೋದೆ. ಚಿಕ್ಕತಾಯಮ್ಮನೂ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ ಆಗ ತಾನೇ ಮೊದಲ ಸಲ ಬಂದಿದ್ದಳು. ಮೊಮ್ಮಗನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಕೆನ್ನೆ ಒಳಸೇರಿತ್ತು, ಪಕ್ಕೆಲುಬು ಎದ್ದು ಕಾಣುತ್ತಿತ್ತು, ಕಾಲು ಕಡ್ಡಿಯಾಗಿತ್ತು.

"ಏನ್ ಮಾಡ್ಬುಟ್ರಿ ನನ್ ಕೂಸ್ನ? ಹಿಂಗಾಗೋಗವ್ನಲ್ಲ," ಎಂದು ಅತ್ತಳು.

ಸವಿತಾ ಲೋಟ ಕೆಳಗಿಡಲಿಲ್ಲ. ಚರಣ್ ಅವಳ ಕೈ ಎಳೆದೆಳೆದು ಚಮಚಕ್ಕೆ ಬಾಯಿ ಹಾಕುತ್ತಿದ್ದ.

"ನೀರೆಲ್ಲ ಇಳೀತು ಅತ್ತೆ," ಎಂದಳು. "ನಮ್ ಮಗ ಇದ್ದಿದ್ದೇ ಇಷ್ಟು."