ಬಾವಿ ಮುಚ್ಚಿ ಮುಗಿಸಿದ ದೂರು

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ನಾನು ಬೆಂಗಳೂರು ಜಿಲ್ಲೆಯ ಒಂದು ಸಣ್ಣ ಪುರಸಭೆಗೆ ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ಬಂದೆ. ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿಯಂತೆಯೇ ಇಲ್ಲಿಯೂ ಬೀದಿಗೆ ಕಾಲಿಟ್ಟರೆ ಮಗ್ಗದ ಸದ್ದು. ಊರಿನ ಹೆಸರು ಬೇಡ. ನನ್ನನ್ನು ಬಲ್ಲವರು ಅಲ್ಲಿ ಇನ್ನೂ ಇದ್ದಾರೆ.

ಹೆಲ್ತ್ ಇನ್‌ಸ್ಪೆಕ್ಟರ್ ಎಂದರೆ ಅರ್ಧ ಡಾಕ್ಟರು ಎಂದು ಜನ ತಿಳಿಯುತ್ತಿದ್ದರು. ನನ್ನ ಕೆಲಸ ಚರಂಡಿ, ಕಸ, ಹೋಟೆಲಿನ ಲೋಟ, ಸಿಡುಬಿನ ಲಸಿಕೆ, ಮತ್ತೆ ಹದಿನೈದು ದಿನಕ್ಕೊಮ್ಮೆ ಸಾರ್ವಜನಿಕ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು. ವಯಸ್ಸು ಇಪ್ಪತ್ತಾರು. ತರಬೇತಿಯ ಪುಸ್ತಕದಲ್ಲಿ ಇದ್ದದ್ದೆಲ್ಲ ಊರಲ್ಲೂ ಇರುತ್ತದೆಂದು ನಂಬಿದ್ದ ಕಾಲ.

ಆ ಊರಿನ ಮೇಲಿನ ಬೀದಿಯಲ್ಲಿ ನಲವತ್ತು ಮನೆ. ಬಹುಪಾಲು ನೇಯುವವರು. ಅವರಿಗೊಂದು ಸಂಘವಿತ್ತು. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ರಂಗಸ್ವಾಮಿ ಅದರ ಕಾರ್ಯದರ್ಶಿ. ಬೀದಿದೀಪ ಆರಿದರೂ ಕಸದ ಗಾಡಿ ಬಾರದಿದ್ದರೂ ಅವರ ದುಂಡು ಅಕ್ಷರದ ಅರ್ಜಿ ಮರುದಿನವೇ ಕಚೇರಿಯಲ್ಲಿ ಇರುತ್ತಿತ್ತು. ಅದರಲ್ಲಿ ಒಂದೇ ಒಂದು ಸುಳ್ಳು ನನಗೆಂದೂ ಸಿಗಲಿಲ್ಲ.

ನಾನು ಕೆಲಸಕ್ಕೆ ಸೇರಿದ ವರ್ಷದ ಬೇಸಿಗೆಯಲ್ಲೇ ಬಂದ ಅರ್ಜಿ ಬಾವಿಯ ಬಗ್ಗೆ. ಆ ಬೀದಿಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ನಾಲ್ಕು ಮನೆಗಳಿದ್ದವು. ಹಂಡೆಗಳಲ್ಲಿ ಮಿಕ್ಕ ಬಣ್ಣದ ನೀರನ್ನು ಬೀದಿಯ ಚರಂಡಿಗೆ ಬಿಡುತ್ತಿದ್ದರು. ಪುರಸಭೆ ಕಟ್ಟಿಸಿದ ಕಲ್ಲು ಚರಂಡಿ ಬಾವಿಗಿಂತ ಸ್ವಲ್ಪ ಹಿಂದೆಯೇ ನಿಂತುಹೋಗಿತ್ತು. ನೀರು ಅಲ್ಲೇ ಮಡುಗಟ್ಟಿ ಮಣ್ಣಿಗೆ ಇಳಿಯುತ್ತಿತ್ತು.

ಅರ್ಜಿಯ ಬೆನ್ನಿಗೇ ಪುಟ್ಟಮ್ಮ ಬಂದರು. ಬಾವಿಯ ಪಕ್ಕದ ಮನೆಯವರು. ಮಗ್ಗದವರಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಟ್ಟು ಜೀವನ ಮಾಡುತ್ತಿದ್ದ ಹೆಂಗಸು. ಸೊಂಟದ ಕೊಡವನ್ನು ಇಳಿಸಿ, ನನ್ನ ಮೇಜಿನ ಪಕ್ಕದ ಬಿಳಿ ಬೇಸನ್ನಿಗೆ ನೀರು ಸುರಿದರು. ತೆಳು ಗುಲಾಬಿ ಬಣ್ಣ.

"ಇದ್ನ ನೀವು ಕುಡೀತೀರಾ ಸ್ವಾಮಿ?"

ನಾನು ಎದ್ದು ಅವರ ಜೊತೆಯಲ್ಲೇ ಬಾವಿಗೆ ಹೋದೆ.

ಬಾಟಲಿಯಲ್ಲಿ ನೀರು ತುಂಬಿಸಿ ಸೀಲು ಮಾಡಿಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಪ್ರಯೋಗಾಲಯಕ್ಕೆ ಕೊಟ್ಟೆ. ಆರು ವಾರಕ್ಕೆ ವರದಿ ಬಂತು. ರೋಗಾಣುಗಳ ಮಟ್ಟದಲ್ಲಿ ದೋಷವಿಲ್ಲ, ಬಣ್ಣ ಆಕ್ಷೇಪಣೀಯ, ಮೂಲವನ್ನು ಪತ್ತೆ ಹಚ್ಚುವುದು. ಮೂಲ ಇಡೀ ಬೀದಿಗೆ ಗೊತ್ತಿತ್ತು. ನಾಲ್ಕೂ ಮನೆಗಳಿಗೆ ನೋಟಿಸು ಕೊಟ್ಟೆ.

ಅವರಲ್ಲಿ ಹಿರಿಯರು ವೆಂಕಟಪ್ಪ. ಅವರೇ ಸಂಘದ ಉಪಾಧ್ಯಕ್ಷರೂ ಹೌದು. ಮೊಣಕೈವರೆಗೆ ನೀಲಿ ಹತ್ತಿದ ಕೈಯಲ್ಲಿ ನೋಟಿಸು ಹಿಡಿದು ಕಚೇರಿಗೆ ಬಂದರು. ಜಗಳಕ್ಕೆ ಬಂದಿರಬೇಕೆಂದುಕೊಂಡೆ. ಅವರು ಕುರ್ಚಿಯ ತುದಿಯಲ್ಲಿ ಕೂತು ನಿಧಾನವಾಗಿ ಕೇಳಿದರು: "ಚರಂಡಿಗೆ ಬಿಡ್ಬೇಡಿ ಅಂತ ಬರ್ದಿದ್ದೀರಿ, ಸರಿ. ಎಲ್ಲಿಗೆ ಬಿಡ್ಬೇಕು ಅಂತ ಬರ್ದೇ ಇಲ್ವಲ್ಲ ಸಾರ್? ನಾನು ಹಂಡೆ ಕವುಚಿದ್ರೆ ಬೀದಿ ಮಗ್ಗ ಎಲ್ಲಾ ನಿಂತೋಯ್ತವೆ. ಪುಟ್ಟಮ್ಮಂಗೂ ಕಂಡಿಕೆ ಇರಾಕಿಲ್ಲ."

ಅವರ ಮಾತಿನಲ್ಲಿ ತಪ್ಪೇನಿತ್ತು? ಚರಂಡಿಯನ್ನು ಮುಂದಕ್ಕೆ ಒಯ್ಯಬೇಕಿತ್ತು. ಆದರೆ ಮುಂದೆ ಇದ್ದದ್ದು ಪಕ್ಕದ ಹಳ್ಳಿಯ ಹೊಲ. ನಮ್ಮ ಬಣ್ಣದ ನೀರು ತಮ್ಮ ರಾಗಿಗೆ ಬೇಡವೆಂದು ಆ ಹಳ್ಳಿಯವರು ಬರೆದುಕೊಟ್ಟರು. ಅವರದೂ ನ್ಯಾಯವೇ. ಕಡತ ಎಂಜಿನಿಯರರ ಮೇಜಿಗೆ ಹೋಯಿತು, ಅಂದಾಜು ಪಟ್ಟಿ ಕೇಳಿ ಹಿಂದಕ್ಕೆ ಬಂತು, ಪಟ್ಟಿಯೊಡನೆ ಹೋಗಿ ಜಾಗದ ನಕ್ಷೆ ಕೇಳಿ ಮತ್ತೆ ಬಂತು. ರಂಗಸ್ವಾಮಿ ವಾರಕ್ಕೊಮ್ಮೆ ಅಂಚೆ ಕಚೇರಿ ಮುಗಿಸಿ ಬಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು, "ಏನಾದ್ರೂ ಆಯ್ತಾ ಸಾರ್?" ಆ ಪ್ರಶ್ನೆಗೆ ಹೆದರಿ ನಾನು ಆ ಹೊತ್ತಿಗೆ ತಪಾಸಣೆಯ ನೆಪ ಹೇಳಿ ಹೊರಗೆ ಹೋಗುವುದನ್ನು ಕಲಿತೆ.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಇಂಗುಗುಂಡಿಯ ಯೋಚನೆ ಹೇಳಿದವನು ನಾನೇ. ಆಳವಾಗಿ ಗುಂಡಿ ತೆಗೆದು, ಇಟ್ಟಿಗೆ ಚೂರು, ಮರಳು, ಇದ್ದಿಲು ತುಂಬಿ, ಕೊಳೆನೀರನ್ನು ಅದರಲ್ಲಿ ಇಂಗಿಸುವುದು. ಕುಡಿಯುವ ನೀರಿನ ಬಾವಿಯಿಂದ ಐವತ್ತು ಅಡಿಯಾದರೂ ದೂರವಿರಬೇಕೆಂದು ನಮಗೆ ಕಲಿಸಿದ್ದರು. ಬೀದಿಯಲ್ಲಿ ಖಾಲಿ ಜಾಗ ಇದ್ದದ್ದು ಒಂದೇ ಕಡೆ. ಟೇಪು ಹಿಡಿದಾಗ ಮೂವತ್ತೆರಡು ಅಡಿ ಬಂತು. ಟೇಪಿನ ಇನ್ನೊಂದು ತುದಿ ರಂಗಸ್ವಾಮಿಯ ಕೈಯಲ್ಲಿತ್ತು.

"ಸಾಕಾ ಸಾರ್?" ಎಂದರು.

"ಇದ್ದಿಲು ಜಾಸ್ತಿ ಹಾಕೋಣ, ಸಾಕು," ಎಂದೆ.

ಎರಡು ಭಾನುವಾರ ಇಡೀ ಬೀದಿ ಗುಂಡಿ ತೋಡಿತು. ಸಂಘದವರು ಒಟ್ಟಾಗಿ ಅಷ್ಟು ಸಂತೋಷದಿಂದ ಇದ್ದುದನ್ನು ನಾನು ಮತ್ತೆ ನೋಡಲಿಲ್ಲ. ವೆಂಕಟಪ್ಪನವರು ಇಟ್ಟಿಗೆ ತರಿಸಿದರು. ಪುಟ್ಟಮ್ಮ ಮನೆಮನೆಯಿಂದ ಇದ್ದಿಲು ಒಟ್ಟುಮಾಡಿ ಬುಟ್ಟಿಯಲ್ಲಿ ಹೊತ್ತು ತಂದರು. ಎಲ್ಲರಿಗೂ ಮಜ್ಜಿಗೆ ಬಂತು. ಅದೇ ಬೇಸಿಗೆಯಲ್ಲಿ ಬಾವಿಯ ನೀರು ತಿಳಿಯಾಯಿತು. ಪುರಸಭೆಯ ಮುಖ್ಯಾಧಿಕಾರಿಗಳು ನನ್ನ ಬೆನ್ನು ತಟ್ಟಿದರು. ನಾನು ಅಪ್ಪನಿಗೆ ಕಾಗದ ಬರೆದು ತಿಳಿಸಿದೆ.

ಮಳೆಗಾಲದಲ್ಲಿ ಒಂದು ವಾರ ಬಿಡದೆ ಸುರಿಯಿತು. ಗುಂಡಿ ತುಂಬಿತು. ಕೆಳಗೆ ಇದ್ದದ್ದು ಗರಸು ಮಣ್ಣು, ನೀರನ್ನು ಹಿಡಿದಿಡುವಂಥದ್ದಲ್ಲ. ಗುಂಡಿಯಲ್ಲಿ ತಿಂಗಳುಗಟ್ಟಲೆ ಕೂಡಿದ್ದ ಬಣ್ಣವೆಲ್ಲ ಒಂದೇ ಸಲ ಬಾವಿಯ ಕಡೆಗೆ ನಡೆಯಿತು. ಪುಟ್ಟಮ್ಮ ಕರೆಸಿದರು. ನಾನು ಹೋಗಿ ಬಗ್ಗಿ ನೋಡಿದೆ. ಈಗ ಅದು ತೆಳು ಗುಲಾಬಿಯಲ್ಲ, ಹಿಂಡಿದ ಬೀಟ್‌ರೂಟಿನ ರಸದಂತಿತ್ತು. ಸುತ್ತ ನಿಂತವರಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಆ ವಾರವೇ ಮುಖ್ಯಾಧಿಕಾರಿಗಳು ಕರೆದರು. "ಏನ್ರೀ, ಬಾವಿ ಇದ್ರೆ ತಾನೆ ಬಾವಿ ದೂರು? ಮುಚ್ಚಿಸಿ. ಒಂದು ನಲ್ಲಿ ಹಾಕಿಸೋಣ. ಕಡತ ಮುಗೀಲಿ."

ಚರಂಡಿಯಾಗದೆ ಬಣ್ಣದ ನೀರು ನಿಲ್ಲುವುದಿಲ್ಲ, ನಲ್ಲಿಗೆ ದಿನಾ ಕೊಡುವಷ್ಟು ನೀರು ನಮ್ಮಲ್ಲಿಲ್ಲ. ಎರಡೂ ನನಗೆ ಗೊತ್ತಿತ್ತು. ಬಾಯಿ ತೆರೆದಿದ್ದರೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಗುಂಡಿ ಎಷ್ಟು ದೂರದಲ್ಲಿದೆ ಎಂಬುದು. ಕಡತದಲ್ಲಿ ನಾನು ಅಳತೆ ಬರೆದಿರಲಿಲ್ಲ. "ಸೂಕ್ತ ಅಂತರದಲ್ಲಿ" ಎಂದಷ್ಟೇ ಬರೆದಿದ್ದೆ. "ಆಗಲಿ ಸಾರ್" ಎಂದೆ. ಆದೇಶದ ಕರಡನ್ನೂ ನಾನೇ ಬರೆದೆ.

ಬಾವಿಗೆ ಕಲ್ಲು ಚಪ್ಪಡಿ ಎಳೆದ ದಿನ ನಾನೂ ಅಲ್ಲಿ ನಿಲ್ಲಬೇಕಾಯಿತು. ಬೀದಿಯ ಅರ್ಧ ಜನಕ್ಕೆ ನಲ್ಲಿ ಬರುತ್ತದೆಂಬ ಖುಷಿ. ವೆಂಕಟಪ್ಪ ಮುಖ ತಗ್ಗಿಸಿ ಒಳಗೆ ಹೋದರು. ಪುಟ್ಟಮ್ಮ ಮಾತ್ರ ಹತ್ತಿರ ಬಂದರು.

"ಕೊಳೆ ಬಿಟ್ಟೋರ್ನ ಕೇಳ್ನಿಲ್ಲ, ಗುಂಡಿ ತೆಗ್ಸಿದೋರ್ನ ಕೇಳ್ನಿಲ್ಲ. ಬಾವಿ ಏನ್ ಮಾಡಿತ್ತು ಸ್ವಾಮಿ?"

ಕಡತ ಮುಚ್ಚಲು ದೂರುದಾರರ ಸಹಿ ಬೇಕಿತ್ತು. ದೂರು ತೃಪ್ತಿಕರವಾಗಿ ಇತ್ಯರ್ಥವಾಗಿದೆ ಎಂಬ ಹಾಳೆಯನ್ನು ರಂಗಸ್ವಾಮಿಯ ಮುಂದೆ ಇಟ್ಟೆ. ಅವರು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. ಆ ಸಾಲನ್ನು ಹೊಡೆದುಹಾಕಿ ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು: "ನಲ್ಲಿ ಬಂದಿದೆ. ದೂರು ಹಾಗೇ ಇದೆ."

"ಮೂವತ್ತೆರಡು ಅಡಿ ಅಂತ ನಾನೂ ಯಾರ್ಗೂ ಹೇಳ್ಲಿಲ್ಲ ಸಾರ್," ಎಂದರು. "ಆ ತಪ್ಪು ನಂದೂ ಇದೆ." ಮುಂದಿನ ತಿಂಗಳು ಕಾರ್ಯದರ್ಶಿ ಸ್ಥಾನ ಬಿಟ್ಟರು. ಆ ಬೀದಿಯಿಂದ ಅರ್ಜಿಗಳು ಬರುವುದು ನಿಂತಿತು. ನಮ್ಮ ಕಚೇರಿಯ ವಹಿಯಲ್ಲಿ ಮುಕ್ತಾಯ ಎಂದು ದಾಖಲಾಯಿತು. ಅವರ ಎರಡು ಸಾಲನ್ನು ಯಾರೂ ಓದಿದಂತಿರಲಿಲ್ಲ.

ನಲ್ಲಿಯಲ್ಲಿ ದಿನ ಬಿಟ್ಟು ದಿನ ಒಂದು ಗಂಟೆ ನೀರು ಬರುತ್ತಿತ್ತು. ಪುಟ್ಟಮ್ಮ ಉಳಿದ ದಿನಗಳಲ್ಲಿ ಊರಾಚೆಯ ತೋಟದ ಬಾವಿಗೆ ನಡೆಯುತ್ತಿದ್ದರು. ಒಮ್ಮೆ ದಾರಿಯಲ್ಲಿ ಎದುರಾದಾಗ ನಾನು ಸೈಕಲ್ಲಿನಿಂದ ಇಳಿದೆ. ಅವರು ನಿಲ್ಲಲಿಲ್ಲ.

ಮರುವರ್ಷ ಕೆಳಗಿನ ಬೀದಿಯ ಬಾವಿಗೂ ಬಣ್ಣ ಬಂತು. ಆಗ ನಾನು ಮುಖ್ಯಾಧಿಕಾರಿಗಳಿಗೆ ಎಲ್ಲವನ್ನೂ ಬರೆದೆ. ಗುಂಡಿಯ ದೂರ, ಮಣ್ಣಿನ ಗುಣ, ಅನುಮತಿ ಕೊಟ್ಟವನಾಗಿ ನನ್ನ ಹೆಸರು, ಚರಂಡಿಯ ಅಗತ್ಯ. ಉತ್ತರವಾಗಿ ಬಂದದ್ದು ನನ್ನಿಂದ ವಿವರಣೆ ಕೇಳಿದ ಮೆಮೊ. ಆಮೇಲೆ ನೆಲಮಂಗಲದ ಕಡೆಗೆ ವರ್ಗಾವಣೆ. ಹಳೆಯ ಕಡತ ಮುಗಿದಿದೆ, ಹೊಸ ದೂರಿಗೆ ಹೊಸ ಕಡತ ತೆರೆಯುವುದು ಎಂದು ಷರಾ ಬರೆದಿದ್ದರಂತೆ. ಚರಂಡಿ ಆಗಲು ಇನ್ನೂ ಆರು ವರ್ಷ ಬೇಕಾಯಿತೆಂದು ಆಮೇಲೆ ಕೇಳಿದೆ.

ಮುಂದೆ ಮೂವತ್ತು ವರ್ಷ ಕೆಲಸ ಮಾಡಿದೆ. ಕಚೇರಿಗಳ ನಿಧಾನಗತಿಯನ್ನು ಬೈಯುವುದು ನನಗೂ ಅಭ್ಯಾಸವಾಯಿತು. ಆದರೆ ಈ ಪ್ರಕರಣದಲ್ಲಿ ಕಚೇರಿಗಿಂತ ಹೆಚ್ಚಾಗಿ ನನ್ನನ್ನು ಕಟ್ಟಿಹಾಕಿದ್ದು ನಾನು ಬರೆಯದೆ ಬಿಟ್ಟ ಒಂದು ಅಳತೆ. ತನ್ನ ತಪ್ಪನ್ನು ಬಚ್ಚಿಟ್ಟ ನೌಕರ ಮೇಲಿನವರ ತಪ್ಪನ್ನು ಪ್ರಶ್ನಿಸುವ ಧೈರ್ಯವನ್ನೂ ಕಳೆದುಕೊಳ್ಳುತ್ತಾನೆ. ಇದನ್ನು ನಾನು ಕಲಿಯುವಷ್ಟರಲ್ಲಿ ಒಂದು ಬೀದಿಯ ಜನ ತಮ್ಮ ಬಾವಿಯನ್ನು ಕಳೆದುಕೊಂಡಿದ್ದರು.